ಡಲ್ಲಾಸ್ ಪದದಲ್ಲಿ ಎಷ್ಟು ಅಕ್ಷರ?

(ಪದವಿ ಸಮಾರಂಭದಲ್ಲಿ ವಿದ್ಯಾರ್ಥಿಗಳ ಪರವಾಗಿ ಮಾಡಿದ ಭಾಷಣ)



ಈ ವರ್ಷ ಪದವಿ ಪಡೆಯುತ್ತಿರುವ ಮಕ್ಕಳ ಪರವಾಗಿ ಹತ್ತು ನಿಮಿಷ ಮಾತಾಡು ಎಂದು ಟೀಚರ್ ಹೇಳಿದರು. ವಿಷಯ ಏನು ಅಂತ ಕೇಳಿದೆ. "ನಿನಗೆ ಇಷ್ಟವಾದದ್ದು" ಅಂದರು. ನನಗೆ ಇಷ್ಟವಾದದ್ದು ಪ್ರೋಗ್ರಾಮಿಂಗ್. "ಅದೂ ಆಗಬಹುದು, ಆದರೆ ಕನ್ನಡದಲ್ಲಿ" ಅಂದರು. ಹಾಗಾಗಿ ಇವತ್ತು ನಾನು ಸ್ಟ್ರಿಂಗ್ ಫಂಕ್ಷನ್‌ಗಳ ಬಗ್ಗೆ ಮಾತಾಡುತ್ತೇನೆ. ಹೆದರಬೇಡಿ, ಊಟ ತಡವಾಗುವುದಿಲ್ಲ.

ಮೊದಲು ಒಂದು ಸುಲಭದ ಪ್ರಶ್ನೆ. "ಡಲ್ಲಾಸ್" ಎಂಬ ಪದದಲ್ಲಿ ಎಷ್ಟು ಅಕ್ಷರಗಳಿವೆ? ಮನಸ್ಸಿನಲ್ಲೇ ಎಣಿಸಿಕೊಳ್ಳಿ. "ಹೂಸ್ಟನ್" ಪದದಲ್ಲಿ ಎಷ್ಟು? "ಆಸ್ಟಿನ್" ಪದದಲ್ಲಿ ಎಷ್ಟು? ನಿಮ್ಮ ಉತ್ತರ ಮರೆಯಬೇಡಿ. ಕೊನೆಯಲ್ಲಿ ಮತ್ತೆ ಕೇಳುತ್ತೇನೆ.

ಕಂಪ್ಯೂಟರ್ ಭಾಷೆಯಲ್ಲಿ ಸ್ಟ್ರಿಂಗ್ ಅಂದರೆ ಅಕ್ಷರಗಳ ಸಾಲು. ಅಮ್ಮ ಹಬ್ಬದ ದಿನ ಮಲ್ಲಿಗೆ ಕಟ್ಟುವುದನ್ನು ನೋಡಿದ್ದೀರಲ್ಲ, ಹಾಗೆ ಒಂದರ ಪಕ್ಕ ಒಂದು ಪೋಣಿಸಿದ ಅಕ್ಷರಗಳು. ನಮ್ಮ ಹೆಸರು ಒಂದು ಸ್ಟ್ರಿಂಗ್. ವಿಳಾಸ ಒಂದು ಸ್ಟ್ರಿಂಗ್. ವಾಟ್ಸಾಪ್‌ನಲ್ಲಿ ಬರುವ ಉದ್ದುದ್ದ ಶುಭೋದಯಗಳೂ ಸ್ಟ್ರಿಂಗ್‌ಗಳೇ. ಈ ಸಾಲನ್ನು ಅಳೆಯಲು, ಕತ್ತರಿಸಲು, ಜೋಡಿಸಲು, ತಿರುಗಿಸಲು ಪ್ರತಿಯೊಂದು ಪ್ರೋಗ್ರಾಮಿಂಗ್ ಭಾಷೆಯಲ್ಲೂ ಸಣ್ಣ ಸಣ್ಣ ಸಹಾಯಕ ಫಂಕ್ಷನ್‌ಗಳಿರುತ್ತವೆ. ಅಡುಗೆಮನೆಯ ಈಳಿಗೆಮಣೆ, ತುರಿಮಣೆ ಇದ್ದ ಹಾಗೆ. ಅವು ಅಡುಗೆ ಮಾಡುವುದಿಲ್ಲ, ಆದರೆ ಅವಿಲ್ಲದೆ ಅಡುಗೆ ಆಗುವುದಿಲ್ಲ. ಪೈಥಾನ್ ಭಾಷೆಯಲ್ಲಿ ಉದ್ದ ಎಷ್ಟು ಎಂದು ಹೇಳುವುದಕ್ಕೆ "ಲೆನ್", ತುಂಡು ಮಾಡುವುದಕ್ಕೆ "ಸ್ಪ್ಲಿಟ್", ಒಂದರ ಬದಲು ಇನ್ನೊಂದು ಹಾಕುವುದಕ್ಕೆ "ರಿಪ್ಲೇಸ್". ಇವನ್ನು ಬರೆದವರು ಬಹಳ ಬುದ್ಧಿವಂತರು. ನಾನು ಒಂಬತ್ತನೇ ತರಗತಿಯಿಂದ ಇವನ್ನು ಕಣ್ಣುಮುಚ್ಚಿ ಬಳಸುತ್ತಿದ್ದೆ. ಕಣ್ಣುಮುಚ್ಚಿ ಬಳಸಿದ್ದೇ ನನ್ನ ತಪ್ಪು. ಆ ಕಥೆ ಹೇಳುತ್ತೇನೆ.

ರಾಜ್ಯೋತ್ಸವದ ತಿಂಗಳಲ್ಲಿ ಮೂರೂ ಊರುಗಳ ಚಿಕ್ಕ ಮಕ್ಕಳಿಗಾಗಿ ಆನ್‌ಲೈನ್‌ನಲ್ಲಿ ಒಂದು ಆಟ ಮಾಡಿಕೊಡುತ್ತೀಯಾ ಎಂದು ಟೀಚರ್ ಕೇಳಿದ್ದರು. ನಾನು "ಕನ್ನಡಿ ಪದ" ಎಂಬ ಆಟ ಬರೆದೆ. ಹಿಂದಿನಿಂದ ಓದಿದರೂ ಮುಂದಿನಿಂದ ಓದಿದರೂ ಒಂದೇ ಆಗಿರುವ ಪದ ಹುಡುಕಿ ಟೈಪ್ ಮಾಡಬೇಕು. ಪ್ರೋಗ್ರಾಂ ಆ ಪದವನ್ನು ತಿರುಗಿಸಿ ನೋಡುತ್ತದೆ. ಸರಿ ಇದ್ದರೆ ಹಸಿರು ನಕ್ಷತ್ರ, ತಪ್ಪಿದ್ದರೆ ಕೆಂಪು ಗೆರೆ. ಪದ ತಿರುಗಿಸುವುದಕ್ಕೆ ಪೈಥಾನ್‌ನಲ್ಲಿ ಅರ್ಧ ಸಾಲು ಸಾಕು. ನಾನು ಕನಕ, ಜಲಜ, ನಯನ, ಗದಗ ಎಲ್ಲವನ್ನೂ ಹಾಕಿ ಪರೀಕ್ಷೆ ಮಾಡಿದೆ. ನಾಲ್ಕಕ್ಕೂ ನಕ್ಷತ್ರ. "ಕನ್ನಡ" ಎಂದು ಹಾಕಿ ತಿರುಗಿಸಿದೆ. "ಡನ್ನಕ" ಎಂದು ಬಂತು. ಒತ್ತಕ್ಷರವೂ ಸರಿಯಾಗಿ ತಿರುಗಿತು ಅಂತ ಖುಷಿಯಾಯಿತು. ಮಲಗಿದೆ.

ಆಟದ ದಿನ ಆಸ್ಟಿನ್ನಿನ ಒಬ್ಬ ಪುಟ್ಟ ಹುಡುಗಿ "ವಿಕಟಕವಿ" ಎಂದು ಟೈಪ್ ಮಾಡಿದಳು. ಕೆಂಪು ಗೆರೆ ಬಂತು. ಅವಳು ಅಳಿಸಿ ಮತ್ತೆ ಟೈಪ್ ಮಾಡಿದಳು. ಮತ್ತೆ ಕೆಂಪು ಗೆರೆ. "ಅಣ್ಣ, ಇದು ಸರಿ ಅಲ್ವಾ?" ಅಂತ ಕೇಳಿದಳು. ನಾನು ಏನು ಮಾಡಿದೆ ಗೊತ್ತೆ? ಒಂದು ಕಾಗದದ ಮೇಲೆ ಅದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದೆ. ಮೊದಲ ಅಕ್ಷರ "ವಿ", ಕೊನೆಯ ಅಕ್ಷರ "ಐ". ಎರಡೂ ಬೇರೆ ಬೇರೆ. "ಇಲ್ಲ ಪುಟ್ಟಿ, ಕಂಪ್ಯೂಟರ್ ಸರಿಯಾಗೇ ಹೇಳ್ತಿದೆ. ಬೇರೆ ಪದ ಹಾಕು" ಅಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ "ನಂಗೆ ಕನ್ನಡ ಬರಲ್ಲ" ಅಂತ ಹೇಳಿ ಕ್ಯಾಮೆರಾ ಆಫ್ ಮಾಡಿದಳು.

ಆ ರಾತ್ರಿ, ಅಂದರೆ ಹಾಸನದಲ್ಲಿ ಬೆಳಗ್ಗೆ, ಅಜ್ಜಿಗೆ ಫೋನ್ ಮಾಡಿದಾಗ ಆಟದ ವಿಷಯ ಹೇಳಿದೆ. ಅಜ್ಜಿ ನಕ್ಕರು. "ವಿಕಟಕವಿ ತಪ್ಪು ಅಂತ ಯಾರೋ ಹೇಳಿದ್ದು? ಕೈ ತೆಗಿ. ವಿ, ಕ, ಟ, ಕ, ವಿ. ಒಂದೊಂದಕ್ಕೆ ಒಂದೊಂದು ಬೆರಳು ಮಡಿಚು" ಅಂದರು. ಹೆಬ್ಬೆರಳು ವಿ, ಕಿರುಬೆರಳು ವಿ. ಎರಡು ಕ. ನಡುವಿನ ಬೆರಳು ಟ. ನಾನು ಮಡಿಚಿದ ಬೆರಳುಗಳನ್ನು ನೋಡುತ್ತಾ ಕುಳಿತೆ. ತೆನಾಲಿ ರಾಮಕೃಷ್ಣನ ಬಿರುದು ಹೇಗೆ ಓದಿದರೂ ಒಂದೇ ಎಂದು ನಾನೇ ಮೂರನೇ ತರಗತಿಯಲ್ಲಿ ಇದೇ ಶಾಲೆಯಲ್ಲಿ ಕಲಿತಿದ್ದೆ. ಹತ್ತು ವರ್ಷ ಕನ್ನಡ ಶಾಲೆಗೆ ಬಂದಿದ್ದೇನೆ. ಆದರೂ ಅನುಮಾನ ಬಂದಾಗ ನನ್ನ ಕೈ ಇಂಗ್ಲಿಷ್ ಅಕ್ಷರಗಳನ್ನು ಬರೆಯಿತು. ಏಳು ವರ್ಷದ ಹುಡುಗಿಯ ಕಿವಿ ಸರಿಯಾಗಿತ್ತು. ನನ್ನ ಪ್ರೋಗ್ರಾಂ ತಪ್ಪಾಗಿತ್ತು, ನಾನೂ ತಪ್ಪಾಗಿದ್ದೆ.

ಏಕೆ ತಪ್ಪಾಯಿತು ಎಂದು ಹುಡುಕಿದೆ. ಅದನ್ನು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. 1963ರಲ್ಲಿ ಅಮೆರಿಕದಲ್ಲಿ ಬಂದ ಆಸ್ಕಿ ಪದ್ಧತಿಯಲ್ಲಿ 128 ಸಂಖ್ಯೆಗಳಿದ್ದವು. ಇಂಗ್ಲಿಷಿಗೆ ಅಷ್ಟು ಸಾಕಾಗಿತ್ತು. ಒಂದು ಅಕ್ಷರ, ಒಂದು ಸಂಖ್ಯೆ, ಒಂದು ಜಾಗ. ನಾವು ಬಳಸುವ ಲೆನ್, ರಿವರ್ಸ್ ಎಲ್ಲದರ ಹಿಂದೆಯೂ ಇರುವ ಯೋಚನೆ ಇದೇ.

ಕನ್ನಡ ಕಂಪ್ಯೂಟರಿಗೆ ಬಂದದ್ದು ಕಷ್ಟಪಟ್ಟು. ಕೆ.ಪಿ. ರಾವ್ ಅವರು ಕೀಲಿಮಣೆಯ ವಿನ್ಯಾಸ ಮಾಡಿದರು. ಕನ್ನಡ ಗಣಕ ಪರಿಷತ್ತು "ನುಡಿ" ತಂದಿತು. 1998ರಲ್ಲಿ ಶೇಷಾದ್ರಿವಾಸು ಅವರ "ಬರಹ" ಬಂತು. ನಮ್ಮ ಅಪ್ಪ ಅಮ್ಮಂದಿರು ಅಮೆರಿಕಕ್ಕೆ ಬಂದ ಹೊಸತರಲ್ಲಿ ಕನ್ನಡ ಟೈಪ್ ಮಾಡಿದ್ದು ಇವುಗಳಲ್ಲೇ. ಈಗ ಎಲ್ಲರ ಫೋನಿನಲ್ಲಿರುವುದು ಯೂನಿಕೋಡ್. ಅದರ ಮೊದಲ ಆವೃತ್ತಿ 1991ರಲ್ಲಿ ಬಂದಾಗಲೇ ಅದರಲ್ಲಿ ಕನ್ನಡ ಇತ್ತು. ವಿಚಿತ್ರ ಏನೆಂದರೆ, ಕನ್ನಡಕ್ಕೆ ಅಲ್ಲಿ ಕಾದಿರಿಸಿದ ಜಾಗಗಳೂ 128.

128 ಹೇಗೆ ಸಾಕಾಗುತ್ತದೆ? ನಮ್ಮ ಕಾಗುಣಿತವೇ ಉದ್ದವಾಗಿದೆ, ಜೊತೆಗೆ ಒತ್ತಕ್ಷರಗಳು. ಇಲ್ಲಿ ಒಂದು ಜಾಣತನ ಇದೆ. ಯೂನಿಕೋಡ್ "ವಿ" ಎಂಬುದಕ್ಕೆ ಜಾಗ ಕೊಟ್ಟಿಲ್ಲ. "ವ" ಒಂದು ಸಂಖ್ಯೆ, ಅದರ ಗುಡಿಸು ಇನ್ನೊಂದು ಸಂಖ್ಯೆ. "ಮ್ಮ" ಎಂಬುದಕ್ಕೂ ಜಾಗ ಇಲ್ಲ. ಮ, ಅರ್ಧಾಕ್ಷರದ ಚಿಹ್ನೆ, ಮತ್ತೆ ಮ. ಮೂರು ಸಂಖ್ಯೆಗಳು. ನಮ್ಮ ಕಣ್ಣಿಗೆ ಒಂದೇ ಅಕ್ಷರವಾಗಿರುವ "ಸ್ತ್ರೀ" ಒಳಗೆ ಆರು ಸಂಖ್ಯೆಗಳು: ಸ, ಅರ್ಧಾಕ್ಷರದ ಚಿಹ್ನೆ, ತ, ಮತ್ತೆ ಆ ಚಿಹ್ನೆ, ರ, ಕೊನೆಗೆ ದೀರ್ಘದ ಗುಡಿಸು.

ಈಗ "ವಿಕಟಕವಿ" ನೋಡೋಣ. ಒಳಗೆ ಏಳು ಸಂಖ್ಯೆಗಳಿವೆ: ವ, ಗುಡಿಸು, ಕ, ಟ, ಕ, ವ, ಗುಡಿಸು. ಹಿಂದಿನಿಂದ ಓದಿದರೆ ಮೊದಲು ಬರುವುದು ಗುಡಿಸು. ಅದಕ್ಕೆ ಕೂರಲು ಅಕ್ಷರವೇ ಇಲ್ಲ. ಆಮೇಲೆ ವ, ಕ, ಟ, ನಂತರ ಗುಡಿಸು ಅಂಟಿಕೊಂಡ "ಕಿ", ಕೊನೆಗೆ ಬೋಳು "ವ". ಗುಡಿಸು ತನ್ನ ಮನೆ ಬಿಟ್ಟು ಪಕ್ಕದ ಮನೆಗೆ ಹೋಗಿತ್ತು. ಹಾಗೇ "ಸಮಾಸ" ಹಾಕಿದರೆ "ಸಾಮಸ" ಬಂತು. "ನವಜೀವನ" ಹಾಕಿದರೆ "ನವೀಜವನ" ಬಂತು. ನಾನು ಪರೀಕ್ಷೆಗೆ ಆರಿಸಿದ್ದ ಕನಕ, ಜಲಜ, ನಯನ, ಗದಗ ಯಾವುದರಲ್ಲೂ ಗುಣಿತ ಇರಲಿಲ್ಲ. "ಕನ್ನಡ" ಸರಿಯಾಗಿ ತಿರುಗಿದ್ದು ಅದರಲ್ಲಿರುವುದು ಸಜಾತಿಯ ಒತ್ತು ಎಂಬ ಒಂದೇ ಕಾರಣಕ್ಕೆ. ಎರಡು ಕಡೆಯೂ ನ ಇದೆ, ನಡುವೆ ಚಿಹ್ನೆ ಇದೆ. ಯಾವ ಕಡೆಯಿಂದ ನೋಡಿದರೂ ಅದೇ. ನನ್ನ ಪರೀಕ್ಷೆ ಪಾಸಾದದ್ದು ಅದೃಷ್ಟದಿಂದ.

ಒಂದು ಫಂಕ್ಷನ್ ಹೀಗಿದ್ದರೆ ಉಳಿದವು ಹೇಗಿರಬಹುದು ಎಂದು ಒಂದೊಂದನ್ನೇ ಕನ್ನಡದಲ್ಲಿ ಪರೀಕ್ಷೆ ಮಾಡಿದೆ. ಅದು ಬಹಳ ಮಜವಾದ ವಾರಾಂತ್ಯ.

ದೊಡ್ಡಕ್ಷರ ಮಾಡುವ ಫಂಕ್ಷನ್ ಏನೂ ಮಾಡುವುದಿಲ್ಲ. ನಮ್ಮ ಲಿಪಿಯಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಎಂಬ ಭೇದ ಇಲ್ಲ.

"ಇದರಲ್ಲಿ ಬರೀ ಅಕ್ಷರಗಳೇ ಇವೆಯೆ?" ಎಂದು ಕೇಳುವ ಫಂಕ್ಷನ್ ಒಂದಿದೆ. ಪೈಥಾನ್‌ನಲ್ಲಿ "ಕನಕ" ಹಾಕಿದರೆ ಹೌದು ಎನ್ನುತ್ತದೆ. "ಅಮ್ಮ" ಹಾಕಿದರೆ ಇಲ್ಲ ಎನ್ನುತ್ತದೆ. ಅರ್ಧಾಕ್ಷರದ ಚಿಹ್ನೆ, ಗುಣಿತದ ಚಿಹ್ನೆಗಳನ್ನು ಅದು ಅಕ್ಷರ ಎಂದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹೆಸರಿನಲ್ಲಿ ಅಕ್ಷರಗಳು ಮಾತ್ರ ಇರಬೇಕು ಎಂದು ಯಾವುದಾದರೂ ಅರ್ಜಿ ನಮೂನೆಯಲ್ಲಿ ಈ ಫಂಕ್ಷನ್ ಹಾಕಿದರೆ "ಲಕ್ಷ್ಮಿ" ಎಂಬವರು ತಮ್ಮ ಹೆಸರು ಬರೆಯಲು ಆಗುವುದಿಲ್ಲ. ಆದರೆ ಅದೇ ಪೈಥಾನ್‌ಗೆ "೧೬" ಎಂದು ಕನ್ನಡ ಅಂಕಿಯಲ್ಲಿ ಕೊಟ್ಟು ಸಂಖ್ಯೆ ಮಾಡು ಎಂದರೆ 16 ಎಂದು ತಕ್ಷಣ ಹೇಳುತ್ತದೆ. ನನ್ನ ವಯಸ್ಸು ಅದಕ್ಕೆ ಕನ್ನಡದಲ್ಲಿ ಓದಲು ಬರುತ್ತದೆ, ಅಮ್ಮನನ್ನು ಓದಲು ಬರುವುದಿಲ್ಲ.

ಮೊದಲ ಅಕ್ಷರ ಕೊಡು ಎಂದರೆ ಪೈಥಾನ್ ಸೊನ್ನೆಯಿಂದ ಎಣಿಸುತ್ತದೆ. ಎಣಿಕೆ ಸೊನ್ನೆಯಿಂದಲೇ ಶುರುವಾಗಬೇಕು ಎಂದು 1982ರಲ್ಲಿ ಒಂದು ಪುಟ್ಟ ಟಿಪ್ಪಣಿ ಬರೆದು ವಾದಿಸಿದವರು ಡೈಕ್‌ಸ್ಟ್ರಾ. ಅವರು 1984ರಿಂದ ನಮ್ಮ ಆಸ್ಟಿನ್ನಿನ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲೇ ಪ್ರಾಧ್ಯಾಪಕರಾಗಿದ್ದರು. ಸೊನ್ನೆ ನನಗೆ ಒಪ್ಪಿಗೆ. ಆದರೆ "ಶ್ರೀಧರ" ಎಂಬ ಹೆಸರಿನ ಸೊನ್ನೆಯನೇ ಅಕ್ಷರ ಕೇಳಿದರೆ "ಶ್ರೀ" ಬರುವುದಿಲ್ಲ, "ಶ" ಬರುತ್ತದೆ. "ಕೃಷ್ಣ" ಎಂಬ ಹೆಸರನ್ನು ಮೂರಕ್ಕೆ ಕತ್ತರಿಸಿದರೆ "ಕೃಷ" ಉಳಿಯುತ್ತದೆ.

ಬದಲಿಸುವ ಫಂಕ್ಷನ್ ಇನ್ನೂ ತಮಾಷೆ. "ಕಾಲ" ಇರುವಲ್ಲೆಲ್ಲ "ಸಮಯ" ಹಾಕು ಎಂದೆ. ವಾಕ್ಯದಲ್ಲಿ "ಕಾಲು ನೋವು" ಎಂದಿತ್ತು. ಅದು "ಸಮಯು ನೋವು" ಆಯಿತು. ಕಂಪ್ಯೂಟರಿನ ಲೆಕ್ಕದಲ್ಲಿ "ಕಾಲು" ಒಳಗೆ "ಕಾಲ" ಇದೆ, ಕೊನೆಗೆ ಒಂದು ಕೊಂಬು ಜಾಸ್ತಿ, ಅಷ್ಟೇ.

ಅಕಾರಾದಿಯಾಗಿ ಜೋಡಿಸುವ ಫಂಕ್ಷನ್ ಬಹಳ ಮಟ್ಟಿಗೆ ಸರಿ. ಯೂನಿಕೋಡ್ ನಮ್ಮ ವರ್ಣಮಾಲೆಯ ಕ್ರಮವನ್ನೇ ಸುಮಾರಾಗಿ ಇಟ್ಟುಕೊಂಡಿದೆ. ಆದರೆ ನಾವು ಒಂದನೇ ತರಗತಿಯಿಂದ "ಯ ರ ಲ ವ ಶ ಷ ಸ ಹ ಳ" ಎಂದು ಹೇಳುತ್ತೇವೆ. ಅಲ್ಲಿ ಳ ಬಂದಿರುವುದು ಲ ಆದ ಕೂಡಲೇ, ವ ಬರುವ ಮೊದಲು. ಹಾಗಾಗಿ ನಿಘಂಟಿನ ಪ್ರಕಾರ "ಮಹಡಿ" ಆದ ಮೇಲೆ ಬರಬೇಕಾದ "ಮಳೆ" ಕಂಪ್ಯೂಟರ್ ಜೋಡಿಸಿದರೆ ಮಹಡಿಗಿಂತ ಮೊದಲು ಬರುತ್ತದೆ.

ಕಣ್ಣಿಗೆ ಕಾಣದ ಅಕ್ಷರಗಳೂ ಇವೆ! "ರಾಜ್‌ಕುಮಾರ್" ಎಂದು ಬರೆಯುವಾಗ ಜ ಮತ್ತು ಕ ಅಂಟಿಕೊಂಡು ಒತ್ತಕ್ಷರ ಆಗಬಾರದು ಎಂದು ನಡುವೆ ಅಗಲವೇ ಇಲ್ಲದ ಒಂದು ಚಿಹ್ನೆ ಕೂರುತ್ತದೆ. ಅದನ್ನು ಬಿಟ್ಟರೆ "ರಾಜ್ಕುಮಾರ್" ಆಗುತ್ತದೆ. "ರ‍್ಯಾಂಕ್" ಎಂದು ಬರೆಯಲು ಅಂಥದೇ ಇನ್ನೊಂದು ಚಿಹ್ನೆ ಬೇಕು, ಇಲ್ಲದಿದ್ದರೆ ಅರ್ಕಾವೊತ್ತು ಬಂದುಬಿಡುತ್ತದೆ. ಹುಡುಕುವ ಫಂಕ್ಷನ್‌ಗೆ ಚಿಹ್ನೆ ಇರುವ ರಾಜ್‌ಕುಮಾರ್ ಬೇರೆ, ಇಲ್ಲದ ರಾಜ್ಕುಮಾರ್ ಬೇರೆ. ಒಬ್ಬರೇ ಎಂದು ಅದಕ್ಕೆ ನಾವೇ ಹೇಳಿಕೊಡಬೇಕು.

ಇದನ್ನೆಲ್ಲ ನೋಡಿದ ಮೇಲೆ ನಾನು ಒಂದು ಸಹಾಯಕ ಫಂಕ್ಷನ್ ಬರೆದೆ. ಅದರ ಹೆಸರು "ಅಕ್ಷರ". ಅದು ಮಾಡುವ ಕೆಲಸ ಅಜ್ಜಿ ಬೆರಳು ಮಡಿಚಿದ್ದು ಮಾತ್ರ. ಸಾಲಿನ ಉದ್ದಕ್ಕೂ ನಡೆಯುತ್ತಾ ಹೋಗುತ್ತದೆ. ಮುಂದೆ ಸಿಕ್ಕಿದ್ದು ಗುಣಿತದ ಚಿಹ್ನೆಯೋ, ಅನುಸ್ವಾರವೋ, ವಿಸರ್ಗವೋ, ಅರ್ಧಾಕ್ಷರದ ಚಿಹ್ನೆಯೋ, ಕಾಣದ ಚಿಹ್ನೆಯೋ ಆಗಿದ್ದರೆ ಹಿಂದಿನದಕ್ಕೆ ಸೇರಿಸುತ್ತದೆ. ವ್ಯಂಜನ ಸಿಕ್ಕರೆ, ಅದರ ಹಿಂದೆಯೇ ಅರ್ಧಾಕ್ಷರದ ಚಿಹ್ನೆ ಇದೆಯೇ ನೋಡುತ್ತದೆ. ಇದ್ದರೆ ಒತ್ತು, ಹಿಂದಿನದಕ್ಕೇ ಸೇರಿಸುತ್ತದೆ. ಇಲ್ಲದಿದ್ದರೆ ಹೊಸ ಅಕ್ಷರ ಶುರು. ಇಷ್ಟೇ. ಹನ್ನೆರಡು ಸಾಲು. ಗುಣಿತಾಕ್ಷರ, ಸಂಯುಕ್ತಾಕ್ಷರ ಅಂದರೆ ಏನು ಎಂದು ನನಗೆ ಗೊತ್ತಿಲ್ಲದಿದ್ದರೆ ಈ ಹನ್ನೆರಡು ಸಾಲು ಬರೆಯಲು ಆಗುತ್ತಿರಲಿಲ್ಲ. ಎರಡನೇ ತರಗತಿಯಲ್ಲಿ ಕಾಗುಣಿತದ ಹಾಳೆ ತುಂಬಿಸುವಾಗ "ಇದರಿಂದ ಏನು ಉಪಯೋಗ?" ಅಂತ ನಾನು ಗೊಣಗಿದ್ದನ್ನು ಟೀಚರ್ ಮರೆತಿರಲಿ ಎಂದು ಆಶಿಸುತ್ತೇನೆ.

ಈಗ ಮೊದಲ ಪ್ರಶ್ನೆಗೆ ಬರೋಣ. "ಡಲ್ಲಾಸ್" ಎಷ್ಟು ಅಕ್ಷರ?

ಗೋ, ರಸ್ಟ್ ಎಂಬ ಭಾಷೆಗಳಲ್ಲಿ ಉದ್ದ ಕೇಳಿದರೆ 21 ಎನ್ನುತ್ತವೆ. ಅವು ಎಣಿಸುವುದು ಬೈಟ್‌ಗಳನ್ನು. ಕನ್ನಡದ ಒಂದೊಂದು ಸಂಖ್ಯೆಗೂ ಯುಟಿಎಫ್-8 ಪದ್ಧತಿಯಲ್ಲಿ ಮೂರು ಬೈಟ್ ಬೇಕು. ಪೈಥಾನ್, ಜಾವಾಸ್ಕ್ರಿಪ್ಟ್ ಕೇಳಿದರೆ 7 ಎನ್ನುತ್ತವೆ. ಸ್ವಿಫ್ಟ್ ಕೇಳಿದರೆ 4: ಡ, ಲ್, ಲಾ, ಸ್. ಅದು ಗುಣಿತವನ್ನು ಕೂಡಿಸುತ್ತದೆ, ಒತ್ತನ್ನು ಕೂಡಿಸುವುದಿಲ್ಲ. ನನ್ನ ಹನ್ನೆರಡು ಸಾಲು 3 ಎನ್ನುತ್ತದೆ: ಡ, ಲ್ಲಾ, ಸ್. ನಿಮ್ಮಲ್ಲಿ ಹೆಚ್ಚಿನವರ ಉತ್ತರವೂ ಮೂರೇ ಇರಬೇಕು. ಹೂಸ್ಟನ್ನಿನವರು ಮತ್ತು ಆಸ್ಟಿನ್ನಿನವರು ಬೇಸರ ಮಾಡಿಕೊಳ್ಳಬೇಡಿ. ನಿಮ್ಮ ಊರುಗಳದ್ದೂ ಸರಿಯಾಗಿ 21, 7, 4, 3. ಇಂಗ್ಲಿಷಿನಲ್ಲಿ ಹೂಸ್ಟನ್ನಿಗೆ ಒಂದು ಅಕ್ಷರ ಜಾಸ್ತಿ. ಕನ್ನಡದಲ್ಲಿ ಮೂರೂ ಊರುಗಳು ಸಮಾನ.

ಇದನ್ನು ಅಜ್ಜಿಗೆ ಹೆಮ್ಮೆಯಿಂದ ಹೇಳಿದೆ. "ಮೂರು ಎಲ್ಲೋ? ಎರಡು" ಅಂದರು! "ಛಂದಸ್ಸಿನಲ್ಲಿ ಕೊನೆಯ ಅರ್ಧಾಕ್ಷರ ಲೆಕ್ಕಕ್ಕಿಲ್ಲ. ಅದು ಹಿಂದಿನ ಅಕ್ಷರವನ್ನು ಗುರು ಮಾಡುತ್ತೆ. ಡಲ್, ಲಾಸ್. ಎರಡೂ ಗುರು, ನಾಲ್ಕು ಮಾತ್ರೆ." ಹೂಸ್ಟನ್ನೂ ಎರಡು ಗುರು, ಆಸ್ಟಿನ್ನೂ ಎರಡು ಗುರು. ಹತ್ತನೆಯ ಶತಮಾನದಲ್ಲಿ ನಾಗವರ್ಮ "ಛಂದೋಂಬುಧಿ" ಬರೆದಾಗ ಕನ್ನಡದಲ್ಲಿ ಉದ್ದ ಅಳೆಯುವ ನಿಯಮಗಳು ಪುಸ್ತಕದಲ್ಲಿದ್ದವು. ನಮ್ಮ ಮೂರು ಊರುಗಳು ಆಗ ಹುಟ್ಟಿರಲಿಲ್ಲ.

ಹಾಗಾದರೆ ಯಾವುದು ಸರಿ? 21, 7, 4, 3, 2? ನನಗೆ ಅರ್ಥವಾದದ್ದು ಇಷ್ಟು: ಐದೂ ಸರಿ. ಯಾತಕ್ಕಾಗಿ ಕೇಳುತ್ತಿದ್ದೀರಿ ಎನ್ನುವುದರ ಮೇಲೆ ಹೋಗುತ್ತದೆ. ಕಂಪ್ಯೂಟರಿನಲ್ಲಿ ಎಷ್ಟು ಜಾಗ ಬೇಕು ಎಂದರೆ 21. ಎಸ್‌ಎಂಎಸ್ ಕಳಿಸುತ್ತಿದ್ದರೆ 7, ಏಕೆಂದರೆ ಒಂದು ಎಸ್‌ಎಂಎಸ್‌ನಲ್ಲಿ ಇಂಗ್ಲಿಷ್ 160 ಹಿಡಿಸುತ್ತದೆ, ಕನ್ನಡ 70 ಮಾತ್ರ ಹಿಡಿಸುತ್ತದೆ. ಪದಬಂಧದ ಚೌಕ ತುಂಬಿಸುತ್ತಿದ್ದರೆ 3. ಹಾಡುತ್ತಿದ್ದರೆ 2. ತಪ್ಪಾಗುವುದು ಯಾವಾಗ ಎಂದರೆ, ಯಾತಕ್ಕೆಂದು ಕೇಳದೆ, ಕಂಪ್ಯೂಟರ್ ಕೊಟ್ಟ ಒಂದು ಉತ್ತರವನ್ನು ಹಿಡಿದುಕೊಂಡು ಒಂದು ಮಗುವಿಗೆ "ನಿನ್ನದು ತಪ್ಪು" ಎಂದಾಗ.

ಇನ್ನೊಂದು ವಿಷಯ ಹೇಳಬೇಕು. 2023ರಲ್ಲಿ ಯೂನಿಕೋಡ್ 15.1 ಎಂಬ ಆವೃತ್ತಿ ಬಂತು. ಅದರಲ್ಲಿ ಒತ್ತಕ್ಷರವನ್ನು ಒಡೆಯದೆ ಒಂದೇ ಎಂದು ಎಣಿಸುವ ನಿಯಮ ಸೇರಿಸಿದರು. ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಲಿಪಿಗಳಿಗೆ ಅದು ಅನ್ವಯಿಸಿತು. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ನನ್ನ ಪಕ್ಕದ ಬೆಂಚಿನ ತೆಲುಗು ಸ್ನೇಹಿತ ತನ್ನ ಲಿಪಿಯಲ್ಲಿ ಡಲ್ಲಾಸ್ ಬರೆದರೆ ಹೊಸ ನಿಯಮದಲ್ಲಿ 3 ಬರುತ್ತದೆ, ನನಗೆ 4. ನಾನು ಇದನ್ನು ದೂರುವುದಕ್ಕೆ ಹೇಳುತ್ತಿಲ್ಲ. ಇಂಥ ಪಟ್ಟಿಗಳು ತಾವಾಗಿ ಬೆಳೆಯುವುದಿಲ್ಲ. ತಮ್ಮ ಲಿಪಿ ಹೇಗೆ ನಡೆಯುತ್ತದೆ ಎಂದು ಆ ಭಾಷೆ ಗೊತ್ತಿರುವವರು ಪತ್ರ ಬರೆದು, ಉದಾಹರಣೆ ಕೊಟ್ಟು, ತಾಳ್ಮೆಯಿಂದ ವಿವರಿಸಬೇಕು. ಯೂನಿಕೋಡ್‌ಗೆ ಯಾರು ಬೇಕಾದರೂ ಬರೆಯಬಹುದು. 1958ರಲ್ಲಿ ಇದೇ ಡಲ್ಲಾಸಿನ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನಲ್ಲಿ ಜ್ಯಾಕ್ ಕಿಲ್ಬಿ ಇಂಟಿಗ್ರೇಟೆಡ್ ಸರ್ಕಿಟ್ ಮಾಡಿದರು. 1985ರಲ್ಲಿ ಅದೇ ಕಂಪನಿ ಬೆಂಗಳೂರಿಗೆ ಹೋಯಿತು. ಈ ಸಭಾಂಗಣದಲ್ಲಿ ಎಷ್ಟು ಜನ ಎಂಜಿನಿಯರುಗಳಿದ್ದಾರೆ ಎಂದು ಕೈ ಎತ್ತಿಸಿದರೆ ಕೆಳಗಿರುವ ಕೈಗಳನ್ನು ಎಣಿಸುವುದೇ ಸುಲಭ. ಕನ್ನಡವೂ ಗೊತ್ತು, ಕಂಪ್ಯೂಟರೂ ಗೊತ್ತು ಎನ್ನುವವರು ಇಷ್ಟು ಜನ ಒಂದೇ ಕಡೆ ಸಿಗುವುದು ಅಪರೂಪ. ಬೇಸಿಗೆ ರಜೆಯಲ್ಲಿ ನಾನು ಆ ಪತ್ರದ ಕರಡು ಬರೆಯಬೇಕೆಂದಿದ್ದೇನೆ. ತಿದ್ದಲು ನಿಮ್ಮ ಸಹಾಯ ಬೇಕು.

ಕೊನೆಯದಾಗಿ ವ್ಯಾಕರಣದ ಒಂದು ಮಾತು. ಸಂಧಿಯ ಪಾಠ ಮಾಡುವಾಗ ಟೀಚರ್ ಲೋಪ, ಆಗಮ, ಆದೇಶ ಎಂದು ಹೇಳಿಕೊಟ್ಟಿದ್ದರು. ಪ್ರೋಗ್ರಾಂ ಬರೆಯುವಾಗ ಅದು ಮತ್ತೆ ನೆನಪಾಯಿತು. ಲೋಪ ಅಂದರೆ ಅಳಿಸು, ಆಗಮ ಅಂದರೆ ಸೇರಿಸು, ಆದೇಶ ಅಂದರೆ ಬದಲಿಸು. ಇವು ಮೂರೂ ಸ್ಟ್ರಿಂಗ್ ಫಂಕ್ಷನ್‌ಗಳೇ ಅಲ್ಲವೆ? ಕಂಪ್ಯೂಟರಿಗೆ "ಊರು" ಮತ್ತು "ಅಲ್ಲಿ" ಕೂಡಿಸು ಎಂದರೆ "ಊರುಅಲ್ಲಿ" ಎಂದು ಪಕ್ಕ ಪಕ್ಕ ಇಡುತ್ತದೆ. ನಾವು ಒಂದು ಸ್ವರ ಬಿಟ್ಟು "ಊರಲ್ಲಿ" ಎನ್ನುತ್ತೇವೆ. ಮನೆ ಆದರೆ ಯಕಾರ ತಂದು "ಮನೆಯಲ್ಲಿ" ಎನ್ನುತ್ತೇವೆ. ಮಳೆ ಮತ್ತು ಕಾಲ ಸೇರಿದರೆ ಕಕಾರವನ್ನು ಗಕಾರ ಮಾಡಿ "ಮಳೆಗಾಲ" ಎನ್ನುತ್ತೇವೆ. ಕೇಶಿರಾಜ ಹದಿಮೂರನೆಯ ಶತಮಾನದಲ್ಲಿ "ಶಬ್ದಮಣಿದರ್ಪಣ"ದಲ್ಲಿ ಇಂಥ ನಿಯಮಗಳನ್ನು ಕ್ರಮವಾಗಿ ಬರೆದಿಟ್ಟ. ನಾವು ಶನಿವಾರ ಬೆಳಗ್ಗೆ ಕಣ್ಣುಜ್ಜಿಕೊಂಡು ಬಂದು ಕಲಿತದ್ದು ಅವನ್ನೇ.

ಆ ಪುಟ್ಟ ಹುಡುಗಿಯ ಕಥೆ ಮುಗಿಸುತ್ತೇನೆ. ಮುಂದಿನ ಶನಿವಾರ ಅವಳ ತರಗತಿಗೆ ಆನ್‌ಲೈನ್‌ನಲ್ಲಿ ಹೋಗಿ, ಎಲ್ಲರ ಮುಂದೆ "ನಿನ್ನ ಉತ್ತರ ಸರಿ ಇತ್ತು, ನನ್ನ ಪ್ರೋಗ್ರಾಂ ತಪ್ಪು, ಕ್ಷಮಿಸು" ಎಂದೆ. ಅವಳು "ನಂಗೊತ್ತು, ತಾತ ಹೇಳಿದ್ರು" ಅಂದಳು. ನಾನು ಹೊಸ ಪ್ರೋಗ್ರಾಂ ತೆರೆದೆ. ಅವಳು "ವಿಕಟಕವಿ" ಎಂದು ಟೈಪ್ ಮಾಡಿದಳು. ಹಸಿರು ನಕ್ಷತ್ರ ಬಂತು. ನನಗೆ ನಿಟ್ಟುಸಿರು. ಆದರೆ ಅವಳು ಬಿಡಲಿಲ್ಲ. "ಡಲ್ಲಾಸ್ ತಿರುಗಿಸು" ಅಂದಳು. ಪ್ರೋಗ್ರಾಂ ಸ್, ಲ್ಲಾ, ಡ ಎಂದು ತಿರುಗಿಸಿ ಕೂಡಿಸಿತು. ತೆರೆಯ ಮೇಲೆ ಬಂದದ್ದು "ಸ್ಲ್ಲಾಡ". ಸ ಹೋಗಿ ಲ್ಲಾ ಜೊತೆ ಅಂಟಿಕೊಂಡು, ಮೂರಿದ್ದ ಅಕ್ಷರ ಎರಡಾಗಿತ್ತು. "ಅಣ್ಣ, ಒಂದು ಅಕ್ಷರ ಕಳೆದುಹೋಯ್ತು" ಅಂದಳು. ನಾನು ಅದನ್ನು ಗಮನಿಸಿಯೇ ಇರಲಿಲ್ಲ. ಅರ್ಧಾಕ್ಷರ ಮುಂದೆ ಬಂದಾಗ ರಾಜ್‌ಕುಮಾರ್ ಹೆಸರಿನಲ್ಲಿರುವ ಕಾಣದ ಚಿಹ್ನೆಯನ್ನು ಸೇರಿಸಬೇಕು. ಹದಿಮೂರನೇ ಸಾಲು ಅವಳಿಂದ ಬಂತು.

ಅವತ್ತು ಅವಳ ಕ್ಯಾಮೆರಾ ಆನ್ ಆಗಿತ್ತು. ಇವತ್ತು ಅವಳು ಎರಡನೇ ಸಾಲಿನಲ್ಲಿ ಕುಳಿತಿದ್ದಾಳೆ.

ಹತ್ತು ವರ್ಷ ನಮ್ಮ ತಪ್ಪುಗಳನ್ನು ಕೆಂಪು ಗೆರೆ ಎಳೆಯದೆ ತಿದ್ದಿದ ಗುರುಗಳಿಗೆ, ಪ್ರತಿ ಶನಿವಾರ ನಿದ್ದೆ ಬಿಟ್ಟು ಕರೆತಂದ ಅಪ್ಪ ಅಮ್ಮಂದಿರಿಗೆ, ಫೋನಿನಲ್ಲೇ ಬೆರಳು ಮಡಿಚಲು ಕಲಿಸಿದ ಅಜ್ಜಿಗೆ, ನನ್ನ ಜೊತೆ ಪದವಿ ಪಡೆಯುತ್ತಿರುವ ಎಲ್ಲ ಗೆಳೆಯರ ಪರವಾಗಿ ವಂದನೆಗಳು. ಚಿಕ್ಕ ತರಗತಿಯ ತಮ್ಮ ತಂಗಿಯರಿಗೆ ಒಂದು ಮಾತು: ಕಂಪ್ಯೂಟರ್ ತಪ್ಪು ಎಂದರೂ ನಿಮ್ಮ ಕಿವಿ ಸರಿ ಎಂದರೆ, ಇನ್ನೊಮ್ಮೆ ಬೆರಳು ಮಡಿಚಿ ಎಣಿಸಿ. ಆಮೇಲೆ ನಮ್ಮನ್ನು ಕೇಳಿ. ನಾವು ಕೂಡ ತಪ್ಪಿರಬಹುದು.